ಮನೋವೈದ್ಯಶಾಸ್ತ್ರ ಕೊನೆಯ ಆಯ್ಕೆಯೇ?

ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ದಿನಗಳು ಬಂದವೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಬಗೆಯ ಕಾತರ ಕಾಣಿಸಿಕೊಳ್ಳುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದ ಮಕ್ಕಳಿರುವ ಹೆತ್ತವರು ವಿಶೇಷ ಬಲಿಪೂಜೆಗೆ ಹೆಸರು ಬರೆಯಿಸುತ್ತಾರೆ. ನೀಟ್ ಪರೀಕ್ಷೆಯಲ್ಲಿ ರ‍್ಯಾಂಕು ಎಷ್ಟು, ಸೀಟು ಯಾವ ಊರಿನಲ್ಲಿ, ವಿಭಾಗ ಯಾವುದು ಎಂಬ ಮಾತುಕತೆ ಭಾನುವಾರದ ಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ಬಹಳ ಹೊತ್ತು ನಡೆಯುತ್ತದೆ. ರೇಡಿಯಾಲಜಿ ಎಂದರೆ ಕೇಳಿದವರ ಮುಖ ಅರಳುತ್ತದೆ. ಚರ್ಮರೋಗ ವಿಭಾಗವೆಂದರೂ ಸಂತೋಷವೇ. ಮಕ್ಕಳ ವಿಭಾಗ, ಹೆರಿಗೆ ವಿಭಾಗ, ಶಸ್ತ್ರಚಿಕಿತ್ಸೆ ಇವೆಲ್ಲ ಗೌರವದ ಮಾತುಗಳು. ‘ಸೈಕಿಯಾಟ್ರಿ’ ಎಂಬ ಶಬ್ದ ಬಂದಾಗ ಮಾತ್ರ ಒಂದು ಗಳಿಗೆ ಮೌನ, ಆಮೇಲೆ ಯಾರಾದರೂ ಒಬ್ಬರು, “ಪಾಪ, ಬೇರೆ ಏನೂ ಸಿಗಲಿಲ್ಲವೇ?” ಎಂದು ಕೇಳಿಬಿಡುತ್ತಾರೆ.

ಈಚೆಗೆ ಒಬ್ಬ ತಾಯಿ ತನ್ನ ಮಗಳನ್ನು ಕರೆದುಕೊಂಡು ನಮ್ಮ ಗುರುನಿವಾಸಕ್ಕೆ ಬಂದಿದ್ದರು. “ಫಾದರ್, ಇವಳಿಗೆ ಜನರಲ್ ಮೆಡಿಸಿನ್ ಸಿಗುವಷ್ಟು ಒಳ್ಳೆಯ ರ‍್ಯಾಂಕು ಬಂದಿದೆ. ಆದರೂ ಸೈಕಿಯಾಟ್ರಿಯೇ ಬೇಕು ಅಂತ ಹಟ ಹಿಡಿದಿದ್ದಾಳೆ. ಹುಚ್ಚರ ಜೊತೆ ಇದ್ದು ಇದ್ದು ನಾಳೆ ಇವಳೂ ಹಾಗೇ ಆದರೆ? ಯಾರು ಇವಳನ್ನು ಮದುವೆ ಆಗ್ತಾರೆ? ನೀವಾದರೂ ಬುದ್ಧಿ ಹೇಳಿ” ಎಂದರು. ಬುದ್ಧಿ ಹೇಳುವ ಮೊದಲು ಕಾರಣ ಕೇಳುವುದು ನ್ಯಾಯವೆಂದು ನಾನು ಮಗಳನ್ನು, “ಏಕಮ್ಮಾ?” ಎಂದಷ್ಟೇ ಕೇಳಿದೆ. ಆಕೆ ಸ್ವಲ್ಪ ಯೋಚಿಸಿ ಹೇಳಿದಳು: “ಉಳಿದ ವಿಭಾಗಗಳಲ್ಲಿ ಕಾಯಿಲೆ ಯಾವುದೆಂದು ಗೊತ್ತಾಗುವ ತನಕ ರೋಗಿಯ ಮಾತು ಕೇಳುತ್ತೇವೆ ಫಾದರ್. ಇಲ್ಲಿ ಗೊತ್ತಾದ ಮೇಲೂ ಕೇಳುತ್ತಲೇ ಇರಬೇಕು. ನನಗೆ ಅದು ಇಷ್ಟ.”

ಇಷ್ಟು ಸ್ಪಷ್ಟವಾದ ಉತ್ತರ ಎಲ್ಲ ವಿದ್ಯಾರ್ಥಿಗಳಿಂದಲೂ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಗುರುಮಠಕ್ಕೆ ಸೇರಲು ಬರುವ ಹುಡುಗನನ್ನು ‘ಏಕೆ ಬಂದೆ?’ ಎಂದು ಕೇಳುವುದು ವಾಡಿಕೆ. ಅವನು ಆ ದಿನ ಕೊಡುವ ಕಾರಣ ಒಂದು, ತತ್ವಶಾಸ್ತ್ರ ಓದುವಾಗ ಅವನಿಗೆ ಹೊಳೆಯುವ ಕಾರಣ ಇನ್ನೊಂದು, ಅಭಿಷೇಕದ ಹೊತ್ತಿಗೆ ಉಳಿಯುವ ಕಾರಣ ಬೇರೆಯೇ ಒಂದು. ಮೊದಲಿನದು ಸುಳ್ಳೆಂದಲ್ಲ, ಮನುಷ್ಯ ತನ್ನ ಆಯ್ಕೆಯನ್ನು ಪೂರ್ತಿ ಅರಿತುಕೊಳ್ಳುವುದು ಆ ಆಯ್ಕೆಯೊಳಗೆ ಕೆಲಕಾಲ ಬಾಳಿದ ಮೇಲೆಯೇ. ಮನೋವೈದ್ಯರಾಗಲು ಹೊರಟ ಮಕ್ಕಳ ವಿಷಯದಲ್ಲಿಯೂ ಹೀಗೆಯೇ ಎಂದು, ಈ ವೃತ್ತಿಯಲ್ಲಿರುವ ಕೆಲವರೊಡನೆ ಮಾತನಾಡಿದಾಗ ನನಗೆ ಅನ್ನಿಸಿತು. ಅವರು ಕೊಟ್ಟ ಕಾರಣಗಳಲ್ಲಿ ಕೆಲವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹಲವರು ಈ ದಾರಿಗೆ ಬರುವುದು ಮನೆಯ ಬಾಗಿಲಿನಿಂದಲೇ. ನಮ್ಮ ಹಳೆಯ ಕುಟುಂಬಗಳನ್ನು ಬಲ್ಲವರಿಗೆ ಇದು ಗೊತ್ತಿರುವ ಸಂಗತಿ: ಹಿಂದಿನ ಕೋಣೆಯಲ್ಲಿ ತನ್ನಷ್ಟಕ್ಕೆ ಮಾತನಾಡಿಕೊಳ್ಳುವ ಚಿಕ್ಕಪ್ಪ, ಹೆರಿಗೆಯಾದ ಮೇಲೆ ಮೊದಲಿನಂತಾಗದ ಅತ್ತೆ, ಮೂರು ತಿಂಗಳು ಲವಲವಿಕೆಯಿಂದ ಓಡಾಡಿ ಮುಂದಿನ ಮೂರು ತಿಂಗಳು ಹಾಸಿಗೆ ಬಿಟ್ಟೇಳದ ಅಣ್ಣ. ನೆಂಟರು ಬಂದಾಗ ಬಾಗಿಲು ಮುಚ್ಚಲಾಗುತ್ತದೆ. ಮಕ್ಕಳಿಗೆ, “ಹೊರಗೆ ಹೇಳಬೇಡ” ಎಂದು ಕಲಿಸಲಾಗುತ್ತದೆ. ಹೊರಗೆ ಹೇಳಬಾರದೆಂದು ಕಲಿತ ಮಗು ಒಳಗೊಳಗೇ ಪ್ರಶ್ನೆ ಕೇಳಿಕೊಳ್ಳುವುದನ್ನು ಬಿಡುವುದಿಲ್ಲ. ಅದೇ ಮಗು ಇಪ್ಪತ್ತರ ವಯಸ್ಸಿನಲ್ಲಿ ವೈದ್ಯಕೀಯ ಕಾಲೇಜಿನ ತರಗತಿಯಲ್ಲಿ ಕುಳಿತು, ಚಿಕ್ಕಪ್ಪನ ಸ್ಥಿತಿಗೆ ಒಂದು ಹೆಸರಿದೆ, ಔಷಧವಿದೆ, ಅದು ಯಾರ ಶಾಪವೂ ಅಲ್ಲ ಎಂದು ಕೇಳಿದಾಗ ಅದರ ಮನಸ್ಸಿನಲ್ಲಿ ಏನಾಗಬಹುದೆಂದು ಊಹಿಸಿ ನೋಡಿ.

ಇಂಥವರು ತಮ್ಮ ಗಾಯವನ್ನೇ ವಾಸಿಮಾಡಿಕೊಳ್ಳಲು ಈ ವಿಭಾಗಕ್ಕೆ ಬರುತ್ತಾರೆ ಎಂಬ ಆಕ್ಷೇಪವುಂಟು. ಅದರಲ್ಲಿ ಸ್ವಲ್ಪ ಸತ್ಯವೂ ಉಂಟು. ತನ್ನ ಚಿಕಿತ್ಸೆಗಾಗಿ ವೈದ್ಯನಾಗಲು ಹೊರಟವನು ಮೊದಲು ಇನ್ನೊಬ್ಬ ವೈದ್ಯನ ಬಳಿಗೆ ಹೋಗುವುದು ಅವನಿಗೂ ರೋಗಿಗಳಿಗೂ ಕ್ಷೇಮ. ಆದರೆ ರೋಗಿಯಿದ್ದ ಮನೆಯಲ್ಲಿ ಬೆಳೆದವನಿಗೆ ಯಾವ ಪಠ್ಯಪುಸ್ತಕವೂ ಕಲಿಸದ ಒಂದು ವಿಷಯ ಗೊತ್ತಿರುತ್ತದೆ. ರೋಗಿಯ ಜೊತೆಗೆ ಬಂದು ಮೂಲೆಯಲ್ಲಿ ನಿಂತಿರುವ ತಾಯಿ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾಳೆ ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿಲ್ಲ.

ಎರಡನೆಯದು, ಕಾಲೇಜಿನಲ್ಲಿ ಕಂಡದ್ದು. ಇಲ್ಲಿ ನಮ್ಮ ವೈದ್ಯಕೀಯ ಶಿಕ್ಷಣದ ಒಂದು ವಿಚಿತ್ರವನ್ನು ಹೇಳಬೇಕು. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಇಷ್ಟು ದೀರ್ಘ ಕಾಲದಲ್ಲಿ ಮನೋವೈದ್ಯಶಾಸ್ತ್ರದ ವಾರ್ಡಿನಲ್ಲಿ ಕಲಿಯಲು 1997ರ ನಿಯಮಾವಳಿ ಕೊಟ್ಟಿದ್ದು ಎರಡೇ ವಾರ. ಪ್ರತ್ಯೇಕ ಪರೀಕ್ಷೆಯಿಲ್ಲ, ಜನರಲ್ ಮೆಡಿಸಿನ್ ಪ್ರಶ್ನೆಪತ್ರಿಕೆಯಲ್ಲೇ ಒಂದೆರಡು ಪ್ರಶ್ನೆ. ಪರೀಕ್ಷೆಯಿಲ್ಲದ ವಿಷಯವನ್ನು ನಮ್ಮ ದೇಶದ ವಿದ್ಯಾರ್ಥಿ ಹೇಗೆ ಓದುತ್ತಾನೆಂಬುದನ್ನು ವಿವರಿಸಬೇಕಾಗಿಲ್ಲ. 2019ರಲ್ಲಿ ಹೊಸ ಪಠ್ಯಕ್ರಮ ಬಂದ ಮೇಲೆಯೂ ಅದಕ್ಕೆ ಪ್ರತ್ಯೇಕ ಪರೀಕ್ಷೆಯ ಸ್ಥಾನ ದೊರೆತಿಲ್ಲ.

ಆ ಕೆಲವೇ ದಿನಗಳಲ್ಲಿ ವಿದ್ಯಾರ್ಥಿ ಏನನ್ನು ಕಾಣುತ್ತಾನೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಒಳರೋಗಿಗಳ ವಾರ್ಡಿನಲ್ಲಿ ಮಾತ್ರ ಕಳೆದವನು ಕಾಯಿಲೆ ಉಲ್ಬಣಿಸಿದವರನ್ನೇ ಕಾಣುತ್ತಾನೆ. ಗುಣಮುಖರಾದವರು ವಾರ್ಡಿಗೆ ಹಿಂದಿರುಗುವುದಿಲ್ಲವಲ್ಲ. ಅವರು ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಗದ್ದೆಯಲ್ಲಿ ತಮ್ಮ ಕೆಲಸ ಮಾಡಿಕೊಂಡಿರುತ್ತಾರೆ. ಹೀಗಾಗಿ, “ಇಲ್ಲಿ ಯಾರೂ ಗುಣವಾಗುವುದಿಲ್ಲ” ಎಂಬ ತಪ್ಪು ತೀರ್ಮಾನದೊಡನೆ ಅವನು ಹೊರಬೀಳುತ್ತಾನೆ. ಹೊರರೋಗಿ ವಿಭಾಗದಲ್ಲಿ ಒಳ್ಳೆಯ ಅಧ್ಯಾಪಕರೊಬ್ಬರ ಪಕ್ಕದಲ್ಲಿ ಕುಳಿತವನ ಅನುಭವ ಬೇರೆ. ಆರು ವಾರಗಳ ಹಿಂದೆ ತಲೆಯೆತ್ತಿ ನೋಡದಿದ್ದ ಹೆಂಗಸು ಇವತ್ತು ಮಗನ ಪರೀಕ್ಷೆಯ ಸುದ್ದಿ ಹೇಳುವುದನ್ನು ಅವನು ಕೇಳುತ್ತಾನೆ. ನಾನು ಮಾತನಾಡಿಸಿದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲರೂ ತಮ್ಮ ಆಯ್ಕೆಯ ಹಿಂದೆ ಒಬ್ಬ ಅಧ್ಯಾಪಕರನ್ನು ನೆನೆದರು. ಪುಸ್ತಕವನ್ನು ಯಾರೂ ನೆನೆಯಲಿಲ್ಲ.

ಮೂರನೆಯ ಕಾರಣ ನನ್ನಂಥವನಿಗೆ ಹೆಚ್ಚು ಪ್ರಿಯವಾದುದು. ಓದುಗರು ಕ್ಷಮಿಸಿ ಸ್ವಲ್ಪ ತತ್ವಶಾಸ್ತ್ರಕ್ಕೆ ಅವಕಾಶ ಕೊಡಬೇಕು. ಹದಿನೇಳನೆಯ ಶತಮಾನದ ಫ್ರೆಂಚ್ ತತ್ವಜ್ಞಾನಿ ದೆಕಾರ್ತನು ಮನುಷ್ಯನನ್ನು ಚಿಂತಿಸುವ ಮನಸ್ಸು, ಜಾಗವನ್ನು ಆಕ್ರಮಿಸುವ ದೇಹ ಎಂಬ ಎರಡು ವಸ್ತುಗಳನ್ನಾಗಿ ಬೇರ್ಪಡಿಸಿದನು. ಆಧುನಿಕ ವೈದ್ಯಶಾಸ್ತ್ರ ದೇಹದ ಭಾಗವನ್ನು ಎತ್ತಿಕೊಂಡು ಮುನ್ನಡೆದು ದೊಡ್ಡ ಯಶಸ್ಸನ್ನು ಪಡೆಯಿತು. ಅದಕ್ಕೂ ನಾಲ್ಕು ಶತಮಾನ ಮೊದಲೇ ಸಂತ ತೋಮಸ್ ಅಕ್ವಿನಾಸರು, ದೋಣಿಯೊಳಗೆ ಅಂಬಿಗನು ಕುಳಿತಂತೆ ದೇಹದೊಳಗೆ ಆತ್ಮ ಕುಳಿತಿಲ್ಲವೆಂದು ವಾದಿಸಿದ್ದರು. ಆತ್ಮವು ದೇಹದ ಜೀವರೂಪವೇ ಆಗಿದೆ. ದುಃಖಿಸುವುದು, ನೆನೆಯುವುದು, ಭಯಪಡುವುದು ಇವೆಲ್ಲ ಇಡೀ ಮನುಷ್ಯನ ಕೆಲಸ ಎಂಬುದು ಅವರ ನಿಲುವು. ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷ ಶವವನ್ನು ಕೊಯ್ದು ನರನಾಡಿಗಳ ಹೆಸರು ಕಲಿತ ವಿದ್ಯಾರ್ಥಿಗೆ ಈ ಪ್ರಶ್ನೆ ಮತ್ತೆ ಎದುರಾಗುವ ವಿಭಾಗ ಮನೋವೈದ್ಯಶಾಸ್ತ್ರ. ಅಲ್ಲಿ ಒಂದು ಮಾತ್ರೆ ದುಃಖವನ್ನು ಇಳಿಸುತ್ತದೆ. ಒಂದು ಮಾತು ಎದೆಬಡಿತವನ್ನು ಇಳಿಸುತ್ತದೆ. ಯಾವುದು ದೇಹ, ಯಾವುದು ಮನಸ್ಸು?

ಜರ್ಮನಿಯ ಕಾರ್ಲ್ ಯಾಸ್ಪರ್ಸ್ ಹೈಡೆಲ್‌ಬರ್ಗಿನ ಮನೋವೈದ್ಯಾಲಯದಲ್ಲಿ ವೈದ್ಯರಾಗಿದ್ದು ಮುಂದೆ ತತ್ವಜ್ಞಾನಿಯಾಗಿ ಹೆಸರಾದವರು. 1913ರಲ್ಲಿ ಅವರು ಪ್ರಕಟಿಸಿದ ಮನೋರೋಗಶಾಸ್ತ್ರದ ಗ್ರಂಥದಲ್ಲಿ ಒಂದು ಮುಖ್ಯ ಭೇದವನ್ನು ತೋರಿಸಿಕೊಟ್ಟರು. ಕಾರಣವನ್ನು ವಿವರಿಸುವುದು ಬೇರೆ, ಅರ್ಥವನ್ನು ಗ್ರಹಿಸುವುದು ಬೇರೆ. ಥೈರಾಯ್ಡ್ ಗ್ರಂಥಿ ಸೋತು ಮಂಕಾದ ಹೆಂಗಸಿನ ಸ್ಥಿತಿಯನ್ನು ನಾವು ವಿವರಿಸುತ್ತೇವೆ. ಗಂಡನನ್ನು ಕಳೆದುಕೊಂಡು ಮಂಕಾದವಳ ಸ್ಥಿತಿಯನ್ನು ಗ್ರಹಿಸುತ್ತೇವೆ. ಇಬ್ಬರೂ ಒಂದೇ ರೀತಿ ಗೋಡೆ ನೋಡುತ್ತ ಕುಳಿತಿರಬಹುದು. ಕೆಲವೊಮ್ಮೆ ಇಬ್ಬರೂ ಒಬ್ಬಳೇ ಆಗಿರುತ್ತಾಳೆ! ರಕ್ತಪರೀಕ್ಷೆಯನ್ನೂ ಮರೆಯದೆ, ಗಂಡನ ಹೆಸರನ್ನೂ ಮರೆಯದೆ ಚಿಕಿತ್ಸೆ ಮಾಡಬೇಕಾದ ವೈದ್ಯ ಇವನೊಬ್ಬನೇ. ಕಾಲೇಜಿನಲ್ಲಿ ಕಥೆ ಕಾದಂಬರಿ ಓದುತ್ತಿದ್ದ, ಸಾಹಿತ್ಯ ಬಿಟ್ಟು ವಿಜ್ಞಾನಕ್ಕೆ ಬಂದೆನಲ್ಲ ಎಂದು ಒಳಗೊಳಗೆ ಮರುಗುತ್ತಿದ್ದ ಹುಡುಗ ಹುಡುಗಿಯರನ್ನು ಈ ವಿಭಾಗ ಸೆಳೆಯುವುದಕ್ಕೆ ಇದೇ ಕಾರಣವಿರಬೇಕು.

ಕನ್ನಡಿಗರಿಗೆ ಇದು ಆಶ್ಚರ್ಯದ ಸಂಗತಿಯಾಗಬೇಕಿಲ್ಲ. ವೈದ್ಯರಾಗಿದ್ದು 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿದ ಡಾ. ಎಂ. ಶಿವರಾಂ, ಅಂದರೆ ನಮ್ಮ ‘ರಾಶಿ’ಯವರು, ಮನಸ್ಸಿನ ವ್ಯಾಪಾರಗಳನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಶಿವಮೊಗ್ಗದ ಡಾ. ಅಶೋಕ ಪೈ, ಬೆಂಗಳೂರಿನ ಡಾ. ಸಿ. ಆರ್. ಚಂದ್ರಶೇಖರ್ ಮುಂತಾದ ಮನೋವೈದ್ಯರು ಪತ್ರಿಕೆಗಳ ಮೂಲಕ, ಪುಸ್ತಕಗಳ ಮೂಲಕ ಮನೆಮಾತಾದರು. ವೈದ್ಯಶಾಸ್ತ್ರದ ಬೇರೆ ಯಾವ ಶಾಖೆಯೂ ಕನ್ನಡದ ಸಾಮಾನ್ಯ ಓದುಗನೊಡನೆ ಇಷ್ಟು ಮಾತನಾಡಿಲ್ಲವೆಂದು ನನ್ನ ಅಭಿಪ್ರಾಯ. ಮಾತನ್ನೇ ಉಪಕರಣವಾಗಿ ಬಳಸುವವರಿಗೆ ಭಾಷೆಯ ಮೇಲೆ ಪ್ರೀತಿ ಹುಟ್ಟುವುದು ಸಹಜವಲ್ಲವೇ?

ಲೌಕಿಕ ಕಾರಣಗಳೂ ಇವೆ. ಅವನ್ನು ಕೀಳೆಂದು ಬಗೆಯಬೇಕಾಗಿಲ್ಲ. ನಡುರಾತ್ರಿಯ ಕರೆಗಳು ಹೆರಿಗೆ ವೈದ್ಯರಷ್ಟು ಇಲ್ಲ. ಕೋಟ್ಯಂತರ ರೂಪಾಯಿಯ ಯಂತ್ರಗಳಿಲ್ಲದೆ ಎರಡು ಕುರ್ಚಿ, ಒಂದು ಮೇಜು ಇಟ್ಟುಕೊಂಡು ತಾಲೂಕು ಊರಿನಲ್ಲಿಯೂ ಕೆಲಸ ಆರಂಭಿಸಬಹುದು. ತನ್ನ ಸಂಸಾರಕ್ಕೂ ಸಮಯ ಬೇಕೆನ್ನುವ ವೈದ್ಯೆಯನ್ನು ಆಲಸಿಯೆಂದು ಯಾರೂ ಕರೆಯಬಾರದು.

ಈಗ ನಮ್ಮ ಕಡೆಗೆ ಬರೋಣ. ಕಥೋಲಿಕ ಕುಟುಂಬಗಳಿಗೆ ಈ ವಿಷಯದಲ್ಲಿ ಒಂದು ವಿಶೇಷ ಅಳುಕಿದೆ: ಮನೋವೈದ್ಯರು ಪಾಪವನ್ನೂ ಆತ್ಮವನ್ನೂ ಇಲ್ಲವೆನ್ನುತ್ತಾರೆ, ಆ ಓದಿಗೆ ಹೋದ ಮಗ ದೇವಾಲಯ ಬಿಡುತ್ತಾನೆ ಎಂದು. ಫ್ರಾಯ್ಡ್ ಧರ್ಮವನ್ನು ಭ್ರಮೆಯೆಂದು ಕರೆದದ್ದು ನಿಜ. ಆದರೆ ಇಂದಿನ ಮನೋವೈದ್ಯಶಾಸ್ತ್ರವೆಂದರೆ ಫ್ರಾಯ್ಡ್ ಒಬ್ಬರೇ ಅಲ್ಲ. ಹನ್ನೆರಡನೆಯ ಪಯಸ್ ಜಗದ್ಗುರುಗಳು 1953ರಲ್ಲಿಯೇ ಮನೋಚಿಕಿತ್ಸಕರ ಅಂತರರಾಷ್ಟ್ರೀಯ ಸಮ್ಮೇಳನದ ಪ್ರತಿನಿಧಿಗಳನ್ನು ಬರಮಾಡಿಕೊಂಡು ಮಾತನಾಡಿದ್ದರು. ವಾದವನ್ನು ಬೆಳೆಸುವ ಬದಲು, ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವಿಗೂ ಪರಿಚಿತವಾಗಿರುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳುತ್ತೇನೆ.

ಕೆಲವರು ನಿವೇದನೆ ಮಾಡಿ ಹೋದ ಮರುದಿನ ಮತ್ತೆ ಬರುತ್ತಾರೆ. ಹೇಳಿದ್ದು ಪೂರ್ತಿಯಾಯಿತೋ ಇಲ್ಲವೋ, ಪಶ್ಚಾತ್ತಾಪ ಸಾಲದಾಯಿತೇನೋ, ಪ್ರಸಾದ ಸ್ವೀಕರಿಸುವಾಗ ಒಂದು ಕೆಟ್ಟ ಆಲೋಚನೆ ಸುಳಿಯಿತಲ್ಲ, ಅದಕ್ಕೆ ಒಪ್ಪಿಗೆ ಕೊಟ್ಟೆನೇ ಇಲ್ಲವೇ? ಗುರುಗಳು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಮನೆ ತಲುಪುವ ತನಕವೂ ಬಾಳುವುದಿಲ್ಲ. ಲತೀನಿನಲ್ಲಿ ಇದಕ್ಕೆ ‘ಸ್ಕ್ರುಪುಲುಸ್’ ಎಂದು ಹೆಸರು. ಚೂಪಾದ ಸಣ್ಣ ಕಲ್ಲು ಎಂದರ್ಥ. ಪಾದರಕ್ಷೆಯೊಳಗೆ ಸಿಕ್ಕಿಕೊಂಡ ಹರಳಿನಂತೆ ಅದು ಪ್ರತಿ ಹೆಜ್ಜೆಗೂ ಚುಚ್ಚುತ್ತದೆ. ಲೊಯೋಲದ ಸಂತ ಇನ್ಯಾಸಿಯವರು ಮೂರು ದಿನ ಬರೆದು ಸಮಗ್ರ ಪಾಪನಿವೇದನೆ ಮಾಡಿದ್ದರೂ 1522ರಲ್ಲಿ ಮನ್ರೇಸದಲ್ಲಿದ್ದಾಗ ಈ ಸಂಕಟ ತಡೆಯಲಾರದೆ ಪ್ರಾಣ ಬಿಡುವ ಯೋಚನೆಯ ತನಕ ಹೋಗಿದ್ದರು. ನಿವೇದನೆ ಕೇಳುವ ಗುರುಗಳ ಪಾಲಕರಾದ ಸಂತ ಅಲ್ಫೋನ್ಸ್ ಲಿಗೋರಿಯವರನ್ನೂ ಅದು ಕಾಡಿತ್ತು. ಆದ್ದರಿಂದ ನಮ್ಮ ನೀತಿದೈವಶಾಸ್ತ್ರಕ್ಕೆ ಈ ಸ್ಥಿತಿ ಹಳೆಯ ಪರಿಚಯ. ಇಂಥವರು ಒಬ್ಬನೇ ಗುರುವಿನ ಮಾತಿಗೆ ವಿಧೇಯರಾಗಿರಬೇಕು, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳಬಾರದು ಎಂದು ಅದು ವಿಧಿಸಿತ್ತು.

ಇಂದಿನ ಮನೋವೈದ್ಯರು ಇದರಲ್ಲಿ ಬಹುಪಾಲನ್ನು ಗೀಳುರೋಗವೆಂದು ಗುರುತಿಸುತ್ತಾರೆ. ಕೈಯಲ್ಲಿ ಕೊಳೆಯಿದೆಯೆಂಬ ಸಂದೇಹದಿಂದ ದಿನಕ್ಕೆ ಐವತ್ತು ಸಲ ಕೈ ತೊಳೆಯುವವನಿಗೂ, ಮನಸ್ಸಿನಲ್ಲಿ ಕೊಳೆಯಿದೆಯೆಂದು ಮತ್ತೆ ಮತ್ತೆ ನಿವೇದನೆಗೆ ಬರುವವನಿಗೂ ರೋಗದ ಯಂತ್ರ ಒಂದೇ. ತೊಳೆದಾಗ ಗಳಿಗೆಯ ನೆಮ್ಮದಿ. ಆ ನೆಮ್ಮದಿಯೇ ಮುಂದಿನ ಸಂದೇಹಕ್ಕೆ ಗೊಬ್ಬರ. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಎಂಬವರು, ರೋಗಿಯನ್ನು ಆ ಸಂದೇಹಕ್ಕೆ ಒಡ್ಡಿ, ತೊಳೆಯುವುದನ್ನು ಮಾತ್ರ ತಡೆಯುವ ಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದರು. ಸೆರೊಟೋನಿನ್ ಮೇಲೆ ಕೆಲಸಮಾಡುವ ಔಷಧಗಳು ಆಮೇಲೆ ಬಂದವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ರೋಗಕ್ಕಾಗಿಯೇ ವಿಶೇಷ ಕ್ಲಿನಿಕ್ ಇದೆ. ‘ಹೇಳಿದ್ದನ್ನು ಮತ್ತೆ ಹೇಳಬೇಡ’ ಎಂಬ ಹಳೆಯ ನಿಯಮಕ್ಕೂ ಈ ಹೊಸ ಚಿಕಿತ್ಸೆಗೂ ಇರುವ ಹೋಲಿಕೆಯನ್ನು ಓದುಗರು ಗಮನಿಸಿರಬೇಕು. ಪಾಪಕ್ಷಮೆಯ ಸಂಸ್ಕಾರಕ್ಕೆ ಇದರಿಂದ ಕುಂದೇನೂ ಬರಲಿಲ್ಲ. ಸ್ವತಂತ್ರ ಮನಸ್ಸಿನಿಂದ ಮಾಡಿದ ತಪ್ಪಿಗೆ ಕ್ಷಮೆಯ ಪೀಠವಿದೆ. ಸ್ವಾತಂತ್ರ್ಯವನ್ನೇ ಕಟ್ಟಿಹಾಕಿದ ರೋಗಕ್ಕೆ ಚಿಕಿತ್ಸೆಯ ಕುರ್ಚಿಯಿದೆ. ಒಂದನ್ನು ಇನ್ನೊಂದೆಂದು ತಿಳಿದರೆ ನರಳುವವನು ವಿಶ್ವಾಸಿ. ಇವೆರಡನ್ನೂ ಬಲ್ಲ, ಜಪಸರವೆಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲದ ವೈದ್ಯರು ನಮ್ಮ ಮನೆಗಳಿಂದ ಬಂದರೆ ನಷ್ಟವೋ ಲಾಭವೋ?

ಆತ್ಮಹತ್ಯೆಯ ವಿಷಯದಲ್ಲಿ ಧರ್ಮಸಭೆಯ ಶಿಸ್ತು ಬದಲಾದದ್ದೂ ಇದೇ ತಿಳಿವಳಿಕೆಯಿಂದ. ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧಾರ್ಮಿಕ ಅಂತ್ಯಸಂಸ್ಕಾರವನ್ನು 1917ರ ಧರ್ಮಸಭಾ ಕಾನೂನು ನಿರಾಕರಿಸಿತ್ತು. 1983ರ ಕಾನೂನಿನಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ಕ್ಷೋಭೆ ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸುತ್ತದೆಂದು 1992ರ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಬೋಧಿಸುತ್ತದೆ. ಭಾರತದ ಕಾನೂನೂ ಇದೇ ದಾರಿ ಹಿಡಿಯಿತು: 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ನೀಡುವ ಹೊಣೆಯನ್ನು ಸರಕಾರದ ಮೇಲೆ ಹಾಕಿತು. ಸರಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡವರು 1,70,924 ಮಂದಿ. ಇವರಲ್ಲಿ ಎಷ್ಟು ಮಂದಿ ಒಬ್ಬ ಮನೋವೈದ್ಯರ ಮುಖವನ್ನಾದರೂ ನೋಡಿದ್ದರು?

ಪ್ರಶ್ನೆ ಭಾವುಕತೆಯದಲ್ಲ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ದೊರೆಯದವರ ಪ್ರಮಾಣ ರೋಗವನ್ನು ಅನುಸರಿಸಿ ಶೇಕಡ 70ರಿಂದ 92. ಲಕ್ಷ ಜನಸಂಖ್ಯೆಗೆ ಇದ್ದ ಮನೋವೈದ್ಯರ ಸಂಖ್ಯೆ ಸಮೀಕ್ಷೆಗೊಳಗಾದ ರಾಜ್ಯಗಳಲ್ಲಿ ಮಧ್ಯಪ್ರದೇಶದ 0.05ರಿಂದ ಕೇರಳದ 1.2ರ ತನಕ. ಮಧ್ಯಪ್ರದೇಶದ ಲೆಕ್ಕವೆಂದರೆ ಇಪ್ಪತ್ತು ಲಕ್ಷ ಜನರಿಗೆ ಒಬ್ಬರು!

“ಹುಚ್ಚಾಸ್ಪತ್ರೆಯಲ್ಲಿ ಜೀವನ ಕಳೆಯಬೇಕಲ್ಲ” ಎಂಬ ಹೆತ್ತವರ ಹೆದರಿಕೆಯ ಹಿಂದೆ ಹಳೆಯ ಕಾಲದ ಒಂದು ಚಿತ್ರವಿದೆ: ಎತ್ತರದ ಗೋಡೆ, ಕಬ್ಬಿಣದ ಸರಳು. ಆ ಚಿತ್ರ ಬದಲಾಗಿ ಬಹಳ ಕಾಲವಾಯಿತು. ಬದಲಾಯಿಸಿದವರಲ್ಲಿ ನಮ್ಮ ದೇಶದವರೇ ಮುಂದಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದೊಳಗೆ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರೂ ಉಳಿಯುವ ಏರ್ಪಾಡು ಮಾಡಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜೂ ಇದೇ ಕ್ರಮವನ್ನು ಹಿಡಿಯಿತು. ಮನೆಯವರನ್ನು ದೂರವಿಡುವುದೇ ಚಿಕಿತ್ಸೆ ಎಂದು ಪಶ್ಚಿಮದ ದೊಡ್ಡ ಆಸ್ಪತ್ರೆಗಳು ನಂಬಿದ್ದ ಕಾಲವದು. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆಯ ನೆಲೆಯಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ 1955ರಿಂದ ಮನೋವೈದ್ಯರ ತರಬೇತಿ ನಡೆಯಿತು. ಅವೆರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಆ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ದೊರಕಿಸಿದ ಪ್ರಯೋಗ, ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಲ್ಜಿಯಮ್ಮಿನ ಗೀಲ್ ಎಂಬ ಊರಿನಲ್ಲಂತೂ, ಮನೋರೋಗಿಗಳ ಪಾಲಕಿಯಾದ ಸಂತ ಡಿಂಫ್ನಾರ ಯಾತ್ರಾಸ್ಥಳವೆಂದು ಮಧ್ಯಯುಗದಿಂದ ಬಂದ ರೋಗಿಗಳನ್ನು ಊರಿನ ಸಾಮಾನ್ಯ ಸಂಸಾರಗಳೇ ತಮ್ಮ ಮನೆಯಲ್ಲಿಟ್ಟುಕೊಳ್ಳುವ ಪದ್ಧತಿ ಇಂದಿಗೂ ಉಳಿದಿದೆ. ಇದಕ್ಕೆ ವಿರುದ್ಧವಾದುದನ್ನು ನಾವು ಕಂಡದ್ದು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಿದ್ದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಅದು ಆಸ್ಪತ್ರೆಯಾಗಿರಲಿಲ್ಲ, ಪ್ರಾರ್ಥನೆಯಿಂದ ಗುಣವಾದೀತೆಂದು ಮನೆಯವರು ಬಿಟ್ಟುಹೋದ ತಾಣವಾಗಿತ್ತು.

ಇದನ್ನು ಅನ್ಯರ ಮೂಢನಂಬಿಕೆಯೆಂದು ನಾವು ದೂರ ನಿಂತು ನೋಡುವಂತಿಲ್ಲ. ಧ್ಯಾನಕೂಟಗಳಿಗೆ, ಬಿಡುಗಡೆಯ ಪ್ರಾರ್ಥನೆಗಳಿಗೆ ರೋಗಿಗಳನ್ನು ಕರೆದೊಯ್ಯುವವರು ನಮ್ಮಲ್ಲೂ ಇದ್ದಾರೆ. ಪ್ರಾರ್ಥನೆಗೆ ನನ್ನ ವಿರೋಧವಿರಲು ಸಾಧ್ಯವೇ? ಆದರೆ, “ವಿಶ್ವಾಸವಿದ್ದರೆ ಮಾತ್ರೆ ಬಿಟ್ಟುಬಿಡು” ಎಂದು ವೇದಿಕೆಯಿಂದ ಹೇಳುವವರು ದೊಡ್ಡ ಅನಾಹುತಕ್ಕೆ ಎಡೆಮಾಡುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಬಿಡು ಎನ್ನಲು ಹೆದರುವವರು ಇಲ್ಲಿ ಮಾತ್ರ ಏಕೆ ಧೈರ್ಯಶಾಲಿಗಳಾಗುತ್ತಾರೋ ತಿಳಿಯದು.

ತಾಯಂದಿರ ಉಳಿದ ಆತಂಕಗಳಿಗೂ ಉತ್ತರ ಹೇಳಬೇಕು. ಮಾನಸಿಕ ಕಾಯಿಲೆ ಅಂಟುರೋಗವಲ್ಲ. ರೋಗಿಗಳೆಲ್ಲ ಹೊಡೆಯುವವರೂ ಅಲ್ಲ. ಹೆಚ್ಚಿನವರು ಖಿನ್ನತೆ, ಆತಂಕ, ನಿದ್ರಾಹೀನತೆ, ಕುಡಿತಗಳಿಂದ ನೊಂದು ಬಂದ ನಮ್ಮ ನಿಮ್ಮಂಥವರು. ಆದರೆ ಈ ವೃತ್ತಿಯ ನಿಜವಾದ ಭಾರವನ್ನು ಮುಚ್ಚಿಡುವುದೂ ತರವಲ್ಲ. ಸಹೋದ್ಯೋಗಿ ವೈದ್ಯರ ತಮಾಷೆಯನ್ನು ಸಹಿಸಬೇಕು. ಚಿಕಿತ್ಸೆ ಪಡೆಯುತ್ತಿದ್ದವನು ಒಂದು ದಿನ ಬಾರದೆ, ಅವನ ಸಾವಿನ ಸುದ್ದಿ ಬರಬಹುದು. ಅದನ್ನು ಎದೆಯಲ್ಲಿಟ್ಟುಕೊಂಡೇ ಮುಂದಿನ ರೋಗಿಗೆ ಪೂರ್ತಿ ಗಮನ ಕೊಡಬೇಕು. ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ. ಈ ಕೊನೆಯ ಮಾತು ನಮ್ಮಂಥ ಗುರುಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಸಂಜೆ ದಣಿದು ಬಂದ ಮಗಳನ್ನು, “ಇವತ್ತು ಎಷ್ಟು ಜನ ಹುಚ್ಚರು ಬಂದಿದ್ದರು?” ಎಂದು ಕೇಳದಿರುವಷ್ಟು ಸೌಜನ್ಯ ಮನೆಯವರಲ್ಲಿರಬೇಕು.

ಇನ್ನು ಮದುವೆಯ ಪ್ರಶ್ನೆ. ಮನೋವೈದ್ಯೆಗೆ ವರ ಸಿಗುವುದಿಲ್ಲವೆಂಬುದು ನಿಜವೇ ಆಗಿದ್ದರೆ, ಅದು ಆಕೆಯ ದೋಷವಲ್ಲ, ವರನ ಕಡೆಯವರದು. ನಮ್ಮಲ್ಲಿ ಸಂಬಂಧ ನೋಡುವಾಗ, “ಆ ಮನೆಯಲ್ಲಿ ತಲೆ ಸರಿಯಿಲ್ಲದವರಿದ್ದಾರೆಯೇ?” ಎಂದು ಗುಟ್ಟಾಗಿ ವಿಚಾರಿಸುವ ಪದ್ಧತಿಯಿದೆ. ಆ ಗುಟ್ಟಿಗೆ ಹೆದರಿಯೇ ಜನ ತಮ್ಮ ಊರಿನ ಮನೋವೈದ್ಯರನ್ನು ಬಿಟ್ಟು, ಬಸ್ಸು ಹಿಡಿದು, ಪರಿಚಯದವರು ಕಾಣದ ದೂರದ ಪಟ್ಟಣಕ್ಕೆ ಹೋಗುತ್ತಾರೆ. ಊರಿನಲ್ಲಿ ಮನೋವೈದ್ಯರೇ ಇಲ್ಲವೆಂದು ದೂರುವವರೂ ಇವರೇ, ಸ್ವಂತ ಮಗ ಮನೋವೈದ್ಯನಾಗುತ್ತೇನೆಂದರೆ ಅಡ್ಡಬರುವವರೂ ಇವರೇ. ಫಾದರ್ ಮುಲ್ಲರರು 1880ರಲ್ಲಿ ಕಂಕನಾಡಿಯಲ್ಲಿ ಕೆಲಸ ಆರಂಭಿಸಿದ ಕಾಲದಲ್ಲಿ ಕುಷ್ಠರೋಗಿಯ ಹತ್ತಿರ ಹೋಗಲು ಜನ ಹೀಗೆಯೇ ಹಿಂಜರಿಯುತ್ತಿದ್ದರು. ಅವರ ಹೆಸರಿನ ಆಸ್ಪತ್ರೆಯಲ್ಲಿಯೂ, ಬೆಂಗಳೂರಿನ ಸಂತ ಜಾನರ ವೈದ್ಯಕೀಯ ಕಾಲೇಜಿನಲ್ಲಿಯೂ ಇಂದು ಮನೋವೈದ್ಯಶಾಸ್ತ್ರ ವಿಭಾಗಗಳಿವೆ. ಅಲ್ಲಿ ಕಲಿಸುವವರೂ ಕಲಿಯುವವರೂ ಇದ್ದಾರೆ.

ನಮ್ಮ ಧರ್ಮಕೇಂದ್ರದ ಯುವಜನರಿಗಾಗಿ ಪ್ರತಿವರ್ಷ ಬೇಸಗೆಯಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರ ನಡೆಯುತ್ತದೆ. ಎಂಜಿನಿಯರುಗಳು, ಬ್ಯಾಂಕಿನವರು, ಸರಕಾರಿ ಅಧಿಕಾರಿಗಳು ಬಂದು ಮಾತನಾಡುತ್ತಾರೆ. ಈ ಬಾರಿ ಒಬ್ಬ ಮನೋವೈದ್ಯರನ್ನೂ, ಜೊತೆಗೆ ಮನೋರೋಗ ಶುಶ್ರೂಷಕಿಯೊಬ್ಬರನ್ನೂ ಕರೆಯಬೇಕೆಂದು ಪಾಲನಾ ಪರಿಷತ್ತಿನ ಮುಂದೆ ಕೋರಿಕೆಯಿಟ್ಟಿದ್ದೇನೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಉಚಿತ ದೂರವಾಣಿ ಸಂಖ್ಯೆ 14416ನ್ನು ಸೂಚನಾಫಲಕದಲ್ಲಿ ಬರೆಯಿಸುವುದೆಂದೂ ತೀರ್ಮಾನವಾಗಿದೆ. ಶಿಬಿರದ ದಿನ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬಹುದು. ಕೈಯೆತ್ತಿ ಕೇಳಲು ನಮ್ಮವರಿಗೆ ಇನ್ನೂ ಸ್ವಲ್ಪ ಕಾಲ ಬೇಕು.